ಬಣ್ಣ ಹತ್ತಬಾರದಿದ್ದ ಸ್ಲೈಡು

ಬಣ್ಣ ಹತ್ತಲೇಬಾರದಿತ್ತು. ಅದಕ್ಕೆಂದೇ ಅವಳು ನಾಲ್ಕು ತಿಂಗಳು ಒದ್ದಾಡಿ ಆ ಜೀವಕೋಶಗಳನ್ನು ಬೆಳೆಸಿದ್ದಳು. ಮೂರು ವರ್ಷದಿಂದ ತಾನು ಬೆನ್ನುಹತ್ತಿದ್ದ ಪ್ರೋಟೀನನ್ನು ಅವುಗಳಿಂದ ಪೂರ್ತಿ ತೆಗೆದುಹಾಕಿದ್ದಳು. ಆದರೆ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರೆ ಕೋಶಗಳೆಲ್ಲ ಕಂದುಬಣ್ಣ ಹೊತ್ತು ಕೂತಿದ್ದವು. ಸ್ಲೈಡು ಅದಲುಬದಲಾಗಿರಬೇಕೆಂದು ಮತ್ತೆ ಮಾಡಿದಳು. ಮೂರನೆಯ ಸಲವೂ ಅದೇ ಬಂತು.

ಸ್ತನದ ಗಡ್ಡೆಯ ಕೋಶ ಪಕ್ಕದವುಗಳ ಹಿಡಿತ ಬಿಡಿಸಿಕೊಂಡು, ರಕ್ತಕ್ಕಿಳಿದು, ದೂರದ ಎಲುಬಿನಲ್ಲೋ ಶ್ವಾಸಕೋಶದಲ್ಲೋ ಬೀಡುಬಿಡಲು ಈ ಪ್ರೋಟೀನೇ ನೆರವಾಗುತ್ತದೆ ಎಂಬುದು ಅವಳ ವಾದ. ಇನ್ನೂರ ಹನ್ನೆರಡು ಹೆಂಗಸರ ಗಡ್ಡೆಗಳ ತೆಳುಚೂರುಗಳಿಗೆ ಬಣ್ಣ ಹಾಕಿ, ರೋಗ ಹರಡಿದವರಲ್ಲಿ ಬಣ್ಣ ಗಾಢವಾಗಿರುವುದನ್ನು ತೋರಿಸಿದ್ದಳು. ಪ್ರೋಟೀನನ್ನು ಗುರುತು ಹಿಡಿದು ಬಣ್ಣ ಹತ್ತಿಸಬೇಕಾದ ಆ್ಯಂಟಿಬಾಡಿಯೇ ಬೇರಾವುದಕ್ಕೋ ಅಂಟಿಕೊಳ್ಳುತ್ತಿದ್ದರೆ, ಇಷ್ಟು ದಿನ ಅವಳು ಎಣಿಸಿದ್ದಾದರೂ ಏನನ್ನು?

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಅನ್ನುತ್ತಿದ್ದರು. ಅವರು ಮುಖ ಗಂಟಿಕ್ಕಿಕೊಂಡು ಸ್ಲೈಡು ನೋಡಿದರು.

"ಈ ಪರೀಕ್ಷೆ ಮಾಡು ಅಂತ ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸರ್. ಮೊದಲನೇ ವರ್ಷವೇ ಮಾಡ್ಬೇಕಿತ್ತು. ಯಾವ ಪ್ರೋಟೀನಿಗೆ ಅಂತ ಆ್ಯಂಟಿಬಾಡಿ ಬಾಟಲಿ ಮೇಲೆ ಬರೆದಿದೆಯಲ್ಲ, ಅಷ್ಟು ಸಾಕು ಅಂದ್ರಿ ನೀವು."

"ಪತ್ರಿಕೆಗೆ ಕಳಿಸಿದ ನಮ್ಮ ಪ್ರಬಂಧ ಒಪ್ಪಿಗೆ ಆಗಿದೆ. ಮುಂದಿನ ತಿಂಗಳು ಅಚ್ಚಾಗುತ್ತೆ. ಈಗ ಕೆದಕ್ಬೇಡ."

"ಅದನ್ನ ನಂಬಿ ಯಾರಾದ್ರೂ ಔಷಧಿ ಮಾಡೋಕೆ ಹೊರಟ್ರೆ?"

"ಹೊರಟಾಗ ನೋಡೋಣ."

ಸಂಜೆ ಅಕ್ಕನ ಮನೆಗೆ ಹೋದಳು. ಅಕ್ಕನಿಗೆ ಎರಡು ವರ್ಷದ ಹಿಂದೆ ಸ್ತನದ ಆಪರೇಷನ್ ಆಗಿತ್ತು. ಈಗ ರೋಗ ಬೆನ್ನುಮೂಳೆಗೆ ಬಂದಿತ್ತು. ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಬಟ್ಟೆ ಮಡಚುತ್ತಿದ್ದಳು. ತಂಗಿ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವಳ ಕೈ ನಿಂತಿತ್ತು.

"ಡ್ರಿಪ್ ಹಾಕೋ ರೂಮಲ್ಲಿ ಎಲ್ಲರ ಹತ್ರಾನೂ ಕೊಚ್ಕೊಂಡಿದ್ದೀನಿ ಕಣೇ, ನನ್ನ ತಂಗಿ ಕಳ್ಳನ್ನ ಹಿಡಿದಿದ್ದಾಳೆ ಅಂತ!"

"ಹಿಡಿದೆ. ಆದ್ರೆ ಪಕ್ಕದ ಮನೆಯವನ್ನ."

ಅಕ್ಕ ನಗಲಿಲ್ಲ. "ನಿಮ್ಮ ಸರ್ ಏನಂತಾರೆ?"

"ಬಾಯಿ ಮುಚ್ಕೊಂಡಿರು ಅಂತಾರೆ. ಬಾಯಿ ಬಿಟ್ರೆ ಮೂರು ವರ್ಷ ಮಣ್ಣುಪಾಲು, ಅಕ್ಕಾ. ನಂಗೆ ಇನ್ನೊಂದು ಕೆಲಸ ಸಿಗೋದೂ ಕಷ್ಟ."

ಅಕ್ಕ ಒಂದು ಟವಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. "ನಿನ್ನ ಕಷ್ಟ ನಿಂಗೆ. ಆದ್ರೆ ನಾನು ನುಂಗೋ ಮಾತ್ರೆ ಹಿಂದೆ ಯಾರೋ ಹೀಗೆ ಬಾಯಿ ಮುಚ್ಕೊಂಡು ಕೂತಿದ್ರು ಅಂತ ಗೊತ್ತಾದ್ರೆ, ಈ ಬೆನ್ನು ಹಿಡ್ಕೊಂಡೇ ಹೋಗಿ ಕೆನ್ನೆಗೆ ಬಾರಿಸ್ತೀನಿ."

ಮಾರನೆಯ ಬೆಳಿಗ್ಗೆ ತಂಗಿ ತಾನೇ ಪತ್ರಿಕೆಯ ಸಂಪಾದಕರಿಗೆ ತಪ್ಪನ್ನು ತಿಳಿಸಿ ಪತ್ರ ಬರೆದು, ಪ್ರತಿಯನ್ನು ದೊಡ್ಡ ಸರ್‌ಗೂ ಕಳಿಸಿದಳು. ಪ್ರಬಂಧ ಹಿಂದಕ್ಕೆ ಬಂತು. ಮೂರು ವಾರ ಸರ್ ಅವಳ ಮುಖ ನೋಡಲಿಲ್ಲ. ಕಿಟಕಿಯ ಪಕ್ಕದಲ್ಲಿದ್ದ ಅವಳ ಮೇಜು, ಸದಾ ಗುರ್ ಅನ್ನುವ ದೊಡ್ಡ ಫ್ರೀಜರಿನ ಮಗ್ಗುಲಿಗೆ ಹೋಯಿತು. ಜೊತೆಯವರು ಊಟಕ್ಕೆ ಕರೆಯುವುದನ್ನು ಮರೆತರು.

ಬೇರೆ ಆ್ಯಂಟಿಬಾಡಿ ತರಿಸಿದಳು. ಈ ಸಲ ಮೊದಲು ಪರೀಕ್ಷೆ, ಆಮೇಲೆ ಕೆಲಸ. ಪ್ರೋಟೀನಿಲ್ಲದ ಕೋಶಗಳಿಗೆ ಬಣ್ಣ ಹತ್ತಲಿಲ್ಲ. ಹಲ್ಲುಕಚ್ಚಿ ಐದು ತಿಂಗಳಲ್ಲಿ ಇನ್ನೂರ ಹನ್ನೆರಡು ಗಡ್ಡೆಗಳಿಗೂ ಮತ್ತೆ ಬಣ್ಣ ಹಾಕಿ ಎಣಿಸಿದಳು. ಹರಡಿದವರಲ್ಲಿ ಕೊಂಚ ಹೆಚ್ಚು, ಹರಡದವರಲ್ಲಿ ಕೊಂಚ ಕಡಿಮೆ. ಆ ಕೊಂಚವೋ, ಹೌದೆನ್ನಲೂ ಸಾಲದು, ಅಲ್ಲವೆನ್ನಲೂ ಬಿಡದು.

ದೊಡ್ಡ ಸರ್ ಅಂಕಿಗಳ ಹಾಳೆಯನ್ನು ತುಂಬ ಹೊತ್ತು ನೋಡಿದರು. "ಹಳೇ ಆ್ಯಂಟಿಬಾಡಿ ಅಂಟ್ಕೊಳ್ತಿದ್ದಿದ್ದು ಯಾವುದಕ್ಕೆ? ಅದು ಹರಡಿದವರಲ್ಲೇ ಜಾಸ್ತಿ ಇತ್ತಲ್ಲ."

"ಹುಡುಕ್ತಿದ್ದೀನಿ ಸರ್. ಮೂರು ಪ್ರೋಟೀನುಗಳ ಮೇಲೆ ಅನುಮಾನ ಇದೆ. ಒಂದೂ ಖಾತ್ರಿ ಇಲ್ಲ."

"ಇನ್ನೂ ಮುನ್ನೂರು ಗಡ್ಡೆ ಬೇಕಾಗುತ್ತೆ. ಕೇಳಿ ಅರ್ಜಿ ಬರಿ. ನಾನು ಸಹಿ ಹಾಕ್ತೀನಿ." ತಪ್ಪಾಯಿತು ಅನ್ನಲಿಲ್ಲ. ಹಾಳೆ ಕೊಟ್ಟು ಹೊರಟುಹೋದರು.

ಅಷ್ಟರಲ್ಲಿ ಅಕ್ಕನ ಫೋನು. "ಏನಾದ್ರೂ ಸಿಕ್ತೇನೇ?"

"ಇಲ್ಲ."

"ಥೂ, ನಿಮ್ಮ!" ಎಂದಳು ಅಕ್ಕ. ಆಮೇಲೆ, "ನೋವು ಇವತ್ತು ಜಾಸ್ತಿ. ಭಾನುವಾರ ಬಾ" ಎಂದು ಇಟ್ಟುಬಿಟ್ಟಳು.

ಅವಳು ಸ್ಲೈಡುಗಳ ಡ್ರಾಯರನ್ನು ದಬ್ಬಿದಳು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಮೊಣಕಾಲಿನಿಂದ ಗುದ್ದಿದರೂ ಜಪ್ಪಯ್ಯ ಅನ್ನಲಿಲ್ಲ. ಹಾಳಾಗಿ ಹೋಗಲಿ ಎಂದು ಅದನ್ನು ಹಾಗೇ ಬಿಟ್ಟು, ಮುನ್ನೂರು ಗಡ್ಡೆಗಳಿಗಾಗಿ ಅರ್ಜಿ ಬರೆಯಲು ಕೂತಳು.