ಅಚ್ಚುಕಟ್ಟಾದ ಮನೆ

ಹಾಸಿಗೆಯ ಮೂರು ಮೂಲೆಗಳು ಮಾತು ಕೇಳಿದ್ದವು. ನಾಲ್ಕನೆಯದು ಮಾತ್ರ ಇವತ್ತೇ ಹಟಕ್ಕೆ ಬಿದ್ದಿತ್ತು. ಎಲ್ಲರೂ ಇಸ್ತ್ರಿ ಎಂದೇ ಕರೆಯುವ ಅವನು ಮಂಡಿಯೂರಿ ಕೂತು ಚಾದರದ ಅಂಚನ್ನು ಮತ್ತೆ ಹೊರಗೆಳೆದ. ಅಂಗೈಯಿಂದ ನೀವಿ, ಓರೆಗೆ ಮಡಚಿ, ಹಾಸಿಗೆಯ ಅಡಿಗೆ ಸಿಕ್ಕಿಸಿದ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತು ನೋಡಿದ. ಈಗ ಸರಿ. ಒಂದು ಸುಕ್ಕಿಲ್ಲ.

"ಮೇಡಂ ಬಂದ್ರಾ ಮಾವ?" ಗುಬ್ಬಿ ಬಾಗಿಲಾಚೆಯಿಂದಲೇ ಕೇಳಿದಳು.

"ಇನ್ನೇನು ಬಂದ್ರು ಅಂತಿಟ್ಕೋ. ನೀನು ಒಳಗೆ ಬಂದು ಕೂತ್ಕೋ. ಅಲ್ಲಲ್ಲ, ಹಾಸಿಗೆ ಮೇಲಲ್ಲಮ್ಮ, ಕುರ್ಚಿ ಮೇಲೆ."

ಗುಬ್ಬಿ ಲಂಗ ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಎಂಟು ವರ್ಷದ ಹುಡುಗಿ ಹೀಗೆ ಕೈಕಟ್ಟಿ ಕೂತದ್ದನ್ನು ನೋಡಿದರೆ ಯಾರಿಗಾದರೂ ಪಾಪ ಅನಿಸಬೇಕು. ಇಸ್ತ್ರಿಗೆ ಮಾತ್ರ ಹೆಮ್ಮೆಯಾಯಿತು.

ಬರುವವರು ಮಕ್ಕಳ ರಕ್ಷಣಾ ಕಚೇರಿಯ ಮೇಡಂ. ಗುಬ್ಬಿಯ ಅಪ್ಪ ಅವಳು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಅಮ್ಮ, ಅಂದರೆ ಇಸ್ತ್ರಿಯ ಅಕ್ಕ, ಕಳೆದ ವರ್ಷ ಜ್ವರ ಎಂದು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಅಂದಿನಿಂದ ಗುಬ್ಬಿ ಸೋದರಮಾವನ ಮನೆಯಲ್ಲಿದ್ದಳು. ಈಗ ಅವಳ ದೊಡ್ಡಪ್ಪ, "ನಮ್ಮ ತಮ್ಮನ ಮಗು, ನಮ್ಮ ಮಕ್ಕಳ ಜೊತೆಗೆ ಬೆಳೀಲಿ" ಎಂದು ಕೇಳಿದ್ದ. ಜಗಳವೇನಿಲ್ಲ, ಕೇಳಿದ್ದು ಪ್ರೀತಿಯಿಂದಲೇ. ಆದರೆ ಪ್ರೀತಿಯಿಂದ ಕೇಳಿದರೂ ಕಿತ್ತುಕೊಂಡ ಹಾಗೆ ಆಗುವುದು ತಪ್ಪುವುದಿಲ್ಲವಲ್ಲ! ಎರಡೂ ಮನೆ ನೋಡಿ ತೀರ್ಮಾನ ಹೇಳುವುದು ಮೇಡಂ ಕೆಲಸ. ದೊಡ್ಡಪ್ಪನ ಮನೆಯನ್ನು ಹೋದ ವಾರವೇ ಗುಬ್ಬಿಯನ್ನು ಕರೆದುಕೊಂಡು ಹೋಗಿ ನೋಡಿಯಾಗಿತ್ತು. ಇಲ್ಲಿಗೆ ಇವತ್ತು.

ಮನೆ ನೋಡುವುದೇ ಪರೀಕ್ಷೆ ಎಂದಾದರೆ ತಾನು ಫೇಲಾಗುವ ಮಾತೇ ಇಲ್ಲ ಎಂದು ಇಸ್ತ್ರಿ ಎದೆ ತಟ್ಟಿಕೊಂಡಿದ್ದ. ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ರೂಮುಗಳ ಉಸ್ತುವಾರಿ ಅವನದು. ಚಾದರ, ಟವೆಲು, ಬಚ್ಚಲು, ಕನ್ನಡಿ, ಎಲ್ಲವೂ ಅವನ ಕಣ್ಣಿನ ಕೆಳಗೆ ಹಾದು ಹೋಗಬೇಕು. ಇಸ್ತ್ರಿ ಎಂಬ ಅಡ್ಡಹೆಸರು ಬಿದ್ದದ್ದೂ ಅಲ್ಲೇ. ಮದುವೆ ಆಗಿರಲಿಲ್ಲ. "ನಿನ್ನ ಕಟ್ಕೊಂಡವಳು ಮಗ್ಗುಲು ತಿರುಗೋಕೂ ನಿನ್ನ ಪರ್ಮಿಷನ್ ಕೇಳ್ಬೇಕಾಗುತ್ತೆ ಕಣೋ" ಎಂದು ಅಕ್ಕ ನಗುತ್ತಿದ್ದಳು. ಸುಖವಾದ ಸಂಸಾರಕ್ಕೆ ಸೂತ್ರ ಯಾವುದು ಎಂದು ಕೇಳಿದರೆ ಸಂಸಾರವೇ ಇಲ್ಲದ ಈ ಮನುಷ್ಯ ಥಟ್ಟನೆ ಹೇಳುತ್ತಿದ್ದ: "ತೆಗೆದದ್ದನ್ನ ತೆಗೆದ ಕಡೆನೇ ಇಡಬೇಕು. ಒದ್ದೆಯಾಗಿದ್ದು ಒಣಗಿದ ಮೇಲೇ ಕೆಲಸ ಮುಗೀತು ಅನ್ನಬೇಕು. ನಮ್ಮ ಸಾಮಾನಿನ ಜೊತೆ ಇನ್ನೊಬ್ಬರ ಸಾಮಾನು ಸೇರಿಸಬಾರದು. ಇಷ್ಟು ಮಾಡಿದ್ರೆ ಮನೇಲಿ ಜಗಳ ಎಲ್ಲಿಂದ ಬರುತ್ತೆ?"

ಮೂರನೆಯ ಮಾತನ್ನು ಅವನು ಲಾಡ್ಜಿನಲ್ಲಿ ಪೆಟ್ಟು ತಿಂದು ಕಲಿತಿದ್ದ. ಗಿರಾಕಿಯ ಬಾಚಣಿಗೆ ಕಾಣೆಯಾದರೂ ರೂಮಿನ ಹುಡುಗರೇ ಕಳ್ಳರು. ಅದಕ್ಕೇ ಅಲ್ಲಿ ಒಂದು ಪದ್ಧತಿ: ಗಿರಾಕಿಯ ವಸ್ತು ಎಲ್ಲೇ ಬಿದ್ದಿರಲಿ, ಕಪಾಟಿನಲ್ಲಿ ಇಡಬಾರದು, ಅವರದೇ ಬ್ಯಾಗಿನ ಬಾಯಿ ತೆರೆದು ಅದರೊಳಗೆ ಇಟ್ಟುಬಿಡಬೇಕು. ಗುಬ್ಬಿ ಒಂದು ನೀಲಿ ಬ್ಯಾಗು ಹಿಡಿದುಕೊಂಡು ಬಂದ ದಿನದಿಂದ ಅವನು ಮಾಡಿದ್ದೂ ಅದನ್ನೇ. ತನ್ನ ರೂಮನ್ನು ಅವಳಿಗೆ ಬಿಟ್ಟುಕೊಟ್ಟು ತಾನು ಹಜಾರದಲ್ಲಿ ಮಲಗಿದ. ದಿನವೂ ಒಗೆದ ಟವೆಲು, ಮುಚ್ಚಳವಿಟ್ಟ ನೀರಿನ ಜಗ್ಗು. ಒಳಗೆ ಬರುವ ಮುಂಚೆ ಬಾಗಿಲು ತಟ್ಟುತ್ತಿದ್ದ. ಅವಳು ಶಾಲೆಗೆ ಹೋದ ಮೇಲೆ ಪೆನ್ಸಿಲು, ರಿಬ್ಬನ್ನು, ಒಂದು ಕಣ್ಣು ಕಿತ್ತುಹೋದ ಬಟ್ಟೆಯ ಬೊಂಬೆ, ಏನು ಸಿಕ್ಕರೂ ಧೂಳು ಒರೆಸಿ ನೀಲಿ ಬ್ಯಾಗಿಗೆ ಸೇರಿಸುತ್ತಿದ್ದ. ಅಕ್ಕನ ಮಗಳ ಒಂದು ಗುಂಡುಸೂಜಿಯೂ ತನ್ನ ಮನೆಯಲ್ಲಿ ಕಳೆಯಕೂಡದು. ಅವನ ಮಟ್ಟಿಗೆ ಪ್ರೀತಿ ಎಂದರೆ ಅದು. ಪಾಪ, ಬೇರೆ ಥರ ಅವನಿಗೆ ಯಾರೂ ಕಲಿಸಿರಲಿಲ್ಲ.

"ಏನ್ರೀ, ನಿಮ್ಮ ಮನೆ ಬಾಗಿಲಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು!" ಎದುರುಮನೆಯ ಟೈಲರಮ್ಮ ತನ್ನ ಕಿಟಕಿಯಿಂದ ಕೂಗಿದಳು. ಕೊರಳಲ್ಲಿ ಟೇಪು, ಬಾಯಲ್ಲಿ ಎರಡು ಪಿನ್ನು. "ಮಗು ಇರೋ ಮನೆ ಅಂದ್ರೆ ಒಂದು ಗೋಡೆನಾದ್ರೂ ಗೀಚಿರಬೇಕಪ್ಪ. ಅತಿಯಾದ್ರೆ ಅಮೃತಾನೂ ವಿಷ."

"ನೀವು ನಿಮ್ಮ ಚಿಂದಿ ಗುಡಿಸ್ಕೊಳ್ಳಿ ಮೊದ್ಲು" ಎಂದು ಇಸ್ತ್ರಿ ನಗುತ್ತಲೇ ಬಾಗಿಲು ಎಳೆದುಕೊಂಡ.

ಮೇಡಂ ಬಂದರು. ಗಟ್ಟಿ ದನಿಯ, ದಪ್ಪ ಕನ್ನಡಕದ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಹೆಂಗಸು. ಹಜಾರ ನೋಡಿದರು, ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು. "ಅಬ್ಬಾ, ನಮ್ಮ ಮನೆಗೂ ಒಂದಿನ ಬಂದು ಹೋಗಿ ಮಾರಾಯ್ರೆ" ಎಂದಾಗ ಇಸ್ತ್ರಿಗೆ ಆಕಾಶಕ್ಕೆ ಮೂರೇ ಗೇಣು. ಚಹಾ ಮಾಡುತ್ತೇನೆ ಎಂದು ಅಡುಗೆಮನೆಗೆ ನುಗ್ಗಿದ. ಮೇಡಂ ಗುಬ್ಬಿಯ ರೂಮಿಗೆ ಹೋದರು. ನಡುವೆ ಇದ್ದದ್ದು ಒಂದು ತೆಳು ಗೋಡೆ, ಮಾತೆಲ್ಲ ಕೇಳುತ್ತಿತ್ತು.

"ಇದು ನಿನ್ನ ರೂಮಾ ಪುಟ್ಟಾ?"

"ಮಾವನ ರೂಮು. ನನಗೆ ಇರೋಕೆ ಕೊಟ್ಟಿದಾರೆ."

ಕಪಾಟಿನ ಬಾಗಿಲು ಕಿರ್ ಎಂದಿತು. ಅದರಲ್ಲಿ ಕೆಳಗೆ ಹೆಚ್ಚಿನ ಚಾದರಗಳು. ಮೇಲಿನ ಎರಡು ಖಾನೆಗಳಲ್ಲಿ ಹೊಸ ಕಾಗದ ಹಾಸಿತ್ತು, ಅಷ್ಟೇ.

"ನಿನ್ನ ಬಟ್ಟೆ ಎಲ್ಲಿಡ್ತೀಯ ಮತ್ತೆ?"

"ಬ್ಯಾಗಲ್ಲಿ. ಮಂಚದ ಕೆಳಗಿದೆ. ತೋರಿಸ್ಲಾ? ಎಲ್ಲಾ ಇದೆ, ಒಂದೂ ಕಳೆದಿಲ್ಲ."

"ಜಾಣೆ. ಹಸಿವಾದ್ರೆ ಏನ್ಮಾಡ್ತೀಯ?"

"ಮಾವ ಕರೆಯೋ ತನಕ ಇರ್ತೀನಿ. ಅಡುಗೆಮನೆಗೆಲ್ಲ ನಾನು ಹೋಗಲ್ಲ."

"ಹೋದ್ರೆ ಬೈತಾರಾ?"

"ಅಯ್ಯೋ ಇಲ್ಲಪ್ಪ! ಮಾವ ಯಾವತ್ತೂ ಬೈದೇ ಇಲ್ಲ. ಮಾವ ತುಂಬಾ ಒಳ್ಳೆಯವರು. ಬೇಕಾದ್ರೆ ಬರ್ಕೊಳ್ಳಿ."

ಮೇಡಂ ನಕ್ಕರು. ಕಪಾಟಿನ ಬಾಗಿಲು ಮುಚ್ಚಿದ ಸದ್ದಾಯಿತು. "ಇಲ್ಲಿ ಎಷ್ಟು ದಿನ ಇರ್ತೀಯ ನೀನು?"

"ಗೊತ್ತಿಲ್ಲ. ಮಾವ ಇರು ಅನ್ನೋವಷ್ಟು ದಿನ."

ಒಲೆಯ ಮೇಲೆ ಹಾಲು ಉಕ್ಕಿತು. ಇಸ್ತ್ರಿ ಅದನ್ನು ನೋಡುತ್ತ ನಿಂತಿದ್ದ. ನೊರೆ ಪಾತ್ರೆಯ ಅಂಚು ದಾಟಿ ಒಲೆಯ ಮೇಲೆಲ್ಲ ಹರಿದು ಸೀದ ವಾಸನೆ ಬಂದಾಗಲೇ ಅವನಿಗೆ ಎಚ್ಚರವಾದದ್ದು.

ಹೊರಡುವಾಗ ಮೇಡಂ ಅವನನ್ನು ಮೆಟ್ಟಿಲ ಹತ್ತಿರ ಕರೆದರು. ದನಿ ತಗ್ಗಿತ್ತು. "ನೀವು ಮಗೂನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದೀರಿ. ಅದರಲ್ಲಿ ಎರಡು ಮಾತಿಲ್ಲ."

"ಆದ್ರೆ?"

"ದೊಡ್ಡಪ್ಪನ ಮನೆ ಸಂತೆ ಇದ್ದ ಹಾಗಿದೆ. ಬಟ್ಟೆಬುಟ್ಟಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಆದ್ರೆ ಇವಳು ಹೋದವಳೇ ಚಪ್ಪಲಿ ಒಂದು ಕಡೆ, ಶಾಲೆ ಚೀಲ ಇನ್ನೊಂದು ಕಡೆ ಎಸೆದು ಅಡುಗೆಮನೆಗೆ ಓಡಿದ್ಳು. ಅಲ್ಲಿ ಮಕ್ಕಳ ಜೊತೆ ಕಿತ್ತಾಡಿ ಅತ್ತಳು ಕೂಡ. ಇಲ್ಲಿ ಅತ್ತಿದಾಳಾ ಯಾವತ್ತಾದ್ರೂ?"

"ಇಲ್ಲ ಮೇಡಂ" ಎಂದ ಇಸ್ತ್ರಿ. ಒಂದು ವರ್ಷದಿಂದ ಇದನ್ನೇ ಅವನು ಎಲ್ಲರ ಹತ್ತಿರ ಹೇಳಿಕೊಂಡು ಬೀಗಿದ್ದ. "ನಾನು ಸರಿಮಾಡ್ಕೋತೀನಿ ಮೇಡಂ. ಸ್ವಲ್ಪ ಟೈಮ್ ಕೊಡಿ. ಎಲ್ಲಾ ಬದಲಾಯಿಸ್ತೀನಿ."

ಮೇಡಂ ಅವನ ತೋಳನ್ನೊಮ್ಮೆ ಮುಟ್ಟಿ ಮೆಟ್ಟಿಲಿಳಿದರು.

ಅಂದು ಸಂಜೆಯೇ ಅವನು ನೀಲಿ ಬ್ಯಾಗನ್ನು ಮಂಚದ ಕೆಳಗಿನಿಂದ ಎಳೆದ. ಜಿಪ್ಪು ಬಿಚ್ಚಿ ಎಲ್ಲವನ್ನೂ ಕಪಾಟಿನ ಖಾನೆಯಲ್ಲಿ ಜೋಡಿಸತೊಡಗಿದ. ಜೋಡಿಸಿದ ಮೇಲೆ, ಇದು ಮತ್ತೆ ಲಾಡ್ಜಿನ ಹಾಗೇ ಆಯಿತಲ್ಲ ಎನಿಸಿ ಕೈಯಾಡಿಸಿ ಕೆಡಿಸಿದ. ಬೊಂಬೆಯನ್ನು ಹಾಸಿಗೆಯ ಮೇಲೆ ಎಸೆದ. ಗುಬ್ಬಿಯ ಕೈಗೆ ಕೆಂಪು ಬಣ್ಣದ ಕಡ್ಡಿ ಕೊಟ್ಟು, "ಗೋಡೆ ಮೇಲೆ ಬರಿ. ಏನು ಬೇಕಾದ್ರೂ ಬರಿ" ಎಂದ.

ಗುಬ್ಬಿ ಗೋಡೆ ನೋಡಿದಳು, ಮಾವನ ಮುಖ ನೋಡಿದಳು. "ಕೊಳೆ ಆಗುತ್ತೆ ಮಾವ."

"ಆಗ್ಲಿ ಬಿಡು! ನಾನೇ ಹೇಳ್ತಿದೀನಲ್ಲ, ಬರಿ!"

ಆ ಮನೆಯಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಏರಿದ್ದು ಅದೇ ಮೊದಲು. ಗುಬ್ಬಿ ಹಿಂದೆ ಸರಿದು ಬೆನ್ನನ್ನು ಕಪಾಟಿಗೆ ಒತ್ತಿಕೊಂಡಳು. "ನಾನೇನು ತಪ್ಪು ಮಾಡ್ದೆ ಮಾವ? ಮೇಡಂಗೆ ಎಲ್ಲಾ ಸರಿಯಾಗೇ ಹೇಳಿದ್ನಲ್ಲ."

"ಸರಿಯಾಗೇ ಹೇಳಿದೆ ಕಣಮ್ಮ" ಎಂದ ಇಸ್ತ್ರಿ. ಅವಳನ್ನು ಹತ್ತಿರ ಕರೆದು ತಬ್ಬಿಕೊಳ್ಳಬೇಕು ಅನಿಸಿತು. ಹೇಗೆ ಎಂದು ಗೊತ್ತಾಗಲಿಲ್ಲ. ತಲೆ ಸವರಿದ, ರಿಬ್ಬನ್ನು ಸಡಿಲವಾಗಿತ್ತು, ಅದನ್ನು ಬಿಗಿದ. ಬೆಳಿಗ್ಗೆ ಎದ್ದು ನೋಡುವಾಗ ಕಪಾಟು ಖಾಲಿ. ಬ್ಯಾಗು ಮಂಚದ ಕೆಳಗಿತ್ತು. ಗುಬ್ಬಿ ಎಲ್ಲವನ್ನೂ ತೆಗೆದ ಕಡೆಯೇ ಇಟ್ಟಿದ್ದಳು.

ತೀರ್ಮಾನ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಲಾಡ್ಜಿನಲ್ಲಿದ್ದಾಗ ಫೋನು ಬಂತು. "ರಜೆಗೆಲ್ಲ ನಿಮ್ಮ ಹತ್ತಿರ ಬರ್ತಾಳೆ, ನೀವೂ ಹೋಗಿ ನೋಡಬಹುದು" ಎಂದು ಮೇಡಂ ಹೇಳುತ್ತಲೇ ಇದ್ದರು. ಇಸ್ತ್ರಿ ಹೂಂ, ಹೂಂ ಎನ್ನುತ್ತಿದ್ದ. ಆ ದಿನ ಒಂದು ರೂಮಿಗೆ ಟವೆಲು ಇಡುವುದನ್ನೇ ಮರೆತ. ಹುಡುಗರು ಮುಖ ಮುಖ ನೋಡಿಕೊಂಡರು, ಒಬ್ಬ ಓಡಿಹೋಗಿ ಇಟ್ಟು ಬಂದ.

ಭಾನುವಾರ ಮಧ್ಯಾಹ್ನ ದೊಡ್ಡಪ್ಪ, ದೊಡ್ಡಮ್ಮ ಬಂದರು. ದೊಡ್ಡಮ್ಮನ ಸೊಂಟದ ಮೇಲೆ ಕೊನೆಯ ಮಗು, ಕಾಲಲ್ಲಿ ಒಂದೊಂದು ಬಣ್ಣದ ಚಪ್ಪಲಿ. "ಹೊರಡೋ ಗಡಿಬಿಡೀಲಿ ನೋಡೇ ಇಲ್ಲ ಕಣಪ್ಪ!" ಎಂದು ತಾನೇ ಬಿದ್ದು ಬಿದ್ದು ನಕ್ಕಳು. ಆಮೇಲೆ ಇಸ್ತ್ರಿಯ ಮುಖ ನೋಡಿ ನಗು ನಿಲ್ಲಿಸಿದಳು. "ಅವಳ ಸಾಮಾನು ಕಟ್ಟೋಕೆ ಹೊತ್ತಾಗುತ್ತೇನೋ. ಒಂದು ವರ್ಷದ್ದು ಅಲ್ವಾ? ನಾನೂ ಕೈ ಹಾಕ್ತೀನಿ."

ಅವಳು ಮಗುವನ್ನು ಕೆಳಗಿಳಿಸುವಷ್ಟರಲ್ಲಿ ಗುಬ್ಬಿ ನೀಲಿ ಬ್ಯಾಗು ಹಿಡಿದು ಬಂದು ನಿಂತಿದ್ದಳು. "ಆಯ್ತು ದೊಡ್ಡಮ್ಮ."

"ಇಷ್ಟು ಬೇಗನಾ?"

ಇಸ್ತ್ರಿ ಕುರ್ಚಿಯ ಬೆನ್ನು ಹಿಡಿದುಕೊಂಡ. ಕಟ್ಟುವ ನೆಪದಲ್ಲಿ ಒಂದರ್ಧ ಗಂಟೆಯಾದರೂ ಸಿಗುತ್ತದೆ, ಒಂದೊಂದು ಬಟ್ಟೆಯನ್ನು ತಾನೇ ಮಡಚಿ ಕೊಡಬಹುದು ಎಂದುಕೊಂಡಿದ್ದ. ಆ ಅರ್ಧ ಗಂಟೆಯೂ ಇಲ್ಲ.

"ಮುಖಾನಾದ್ರೂ ತೊಳ್ಕೊಂಡು ಬಾ ಹೋಗಮ್ಮ, ಬಿಸಿಲು" ಎಂದಳು ದೊಡ್ಡಮ್ಮ. ಗುಬ್ಬಿ ಬಚ್ಚಲಿಗೆ ಹೋದಳು. ನೀರಿನ ಸದ್ದು ಕೇಳಿತು. ಬಂದವಳು ನೇರ ರೂಮಿಗೆ ಹೋಗಿ ಚಾದರದ ಮೇಲೆ ಅಂಗೈಯಾಡಿಸಿದಳು, ಬಗ್ಗಿ ಮಂಚದ ಕೆಳಗೆ ನೋಡಿದಳು, ಬಾಗಿಲ ಹಿಂದಿನ ಮೊಳೆ ನೋಡಿದಳು. ಆಮೇಲೆ ಮಾವನ ಮುಂದೆ ಬಂದು ನಿಂತಳು.

"ಎಲ್ಲಾ ನೋಡ್ದೆ ಮಾವ. ನಂದು ಏನೂ ಬಿಟ್ಟಿಲ್ಲ."

"ಏನಾದ್ರೂ ಬಿಟ್ಟು ಹೋಗಮ್ಮ" ಎಂದ ಇಸ್ತ್ರಿ. "ಒಂದು ಪೆನ್ಸಿಲಾದ್ರೂ ಸರಿ."

ಗುಬ್ಬಿ ಯೋಚಿಸಿದಳು. ತುಂಬ ಗಂಭೀರವಾಗಿಯೇ ಯೋಚಿಸಿದಳು. "ಬಿಟ್ರೆ ನಿಮಗೆ ತೊಂದ್ರೆ ಅಲ್ವಾ?"

ಹೊರಗೆ ದೊಡ್ಡಪ್ಪ ಆಟೋ ನಿಲ್ಲಿಸಿದ್ದ. ದೊಡ್ಡಮ್ಮ ಕೂಗಿದಳು. ಗುಬ್ಬಿ "ಬರ್ತೀನಿ ಮಾವ, ಥ್ಯಾಂಕ್ಸ್" ಎಂದಳು. ಅಕ್ಕನ ಮಗಳು, ಎತ್ತಿ ಆಡಿಸಿದ ಮಗು, ಥ್ಯಾಂಕ್ಸ್ ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಎದುರು ಕಿಟಕಿಯಲ್ಲಿ ಹೊಲಿಗೆಯಂತ್ರ ನಿಂತಿತು. ಟೈಲರಮ್ಮ ಪರದೆ ಎಳೆದುಕೊಂಡಳು.

ಇಸ್ತ್ರಿ ಒಳಗೆ ಬಂದು ಹುಡುಕಿದ. ಹಾಸಿಗೆ ಎತ್ತಿ ನೋಡಿದ. ದಿಂಬಿನ ಚೀಲದೊಳಗೆ ಕೈ ಹಾಕಿದ. ಕಪಾಟಿನ ಹಿಂದೆ, ಕಿಟಕಿಯ ಸಂದಿಯಲ್ಲಿ, ಕಸದ ಬುಟ್ಟಿಯಲ್ಲಿ ನೋಡಿದ. ಒಂದು ತಲೆಕೂದಲು, ಒಂದು ಪೆನ್ಸಿಲ ಸಿಪ್ಪೆ, ಏನೂ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಚೊಕ್ಕಟವಾಗಿ ಬಿಟ್ಟುಕೊಟ್ಟ ರೂಮನ್ನು ಅವನು ನೋಡಿರಲಿಲ್ಲ. ಅವನಿಗೆ ಅಳು ಬಂತು. ಅಳುತ್ತಲೇ ಬಚ್ಚಲ ಕಡೆ ತಿರುಗಿದ.

ಬಚ್ಚಲ ಹೊಸ್ತಿಲಿನ ಈಚೆ, ಕಾಲೊರಸಿನ ಪಕ್ಕಕ್ಕೆ, ಕೆಂಪು ನೆಲದ ಮೇಲೆ ಎರಡು ಪುಟ್ಟ ಒದ್ದೆ ಹೆಜ್ಜೆಗಳಿದ್ದವು. ಐದೂ ಬೆರಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಬಂದವರಿಗೆಂದು ಜೋರಾಗಿ ಹಾಕಿದ್ದ ಫ್ಯಾನು ತಿರುಗುತ್ತಲೇ ಇತ್ತು. ಒಂದು ಹಿಮ್ಮಡಿ ಆಗಲೇ ಅಂಚಿನಿಂದ ಆರತೊಡಗಿತ್ತು. ಇಸ್ತ್ರಿ ಅವನ್ನು ತುಳಿಯದ ಹಾಗೆ ಗೋಡೆಯ ಬದಿಗೆ ಸರಿದು, ಸುತ್ತು ಹಾಕಿ ಹೋಗಿ, ಫ್ಯಾನು ನಿಲ್ಲಿಸಿದ.