ಓಪಲ್‌ಗೆಂದು ಉಳಿಸದೇ ಹೋದದ್ದು

ಹದಿಮೂರು ಕಾದಂಬರಿ ಬರೆದೆ, ಹದಿಮೂರೂ ಕೆಂಟಕಿಯ ನಮ್ಮ ಈ ಅಂಗೈಯಗಲದ ಊರಿನ ಮೇಲೆಯೇ. ಊರಿಗೆ ಬೇರೆ ಹೆಸರಿಟ್ಟೆ, ಜನರಿಗೂ ಇಟ್ಟೆ. ಅದರಿಂದ ಯಾರು ಮೋಸಹೋದರು? ಕಾದಂಬರಿಯಲ್ಲಿ ಬರುವ ಬ್ಯೂಟಿ ಪಾರ್ಲರಿನ ಪರ್ಲ್ ಅಂದರೆ ನನ್ನ ಗೆಳತಿ ಓಪಲ್ ಎಂದು ಬೀದಿನಾಯಿಗೂ ಗೊತ್ತಿತ್ತು. ದೂರದೂರಿನ ಓದುಗರು ಬಸ್ಸು ಮಾಡಿಕೊಂಡು ಬಂದು ಅವಳ ಕೈಯಲ್ಲೇ ಕೂದಲು ಸುರುಳಿ ಮಾಡಿಸಿಕೊಂಡು ಹೋಗುತ್ತಿದ್ದರು. ನನಗೋ ಅದೇ ದೊಡ್ಡ ಹೆಮ್ಮೆ.

ಕಳೆದ ಶನಿವಾರ ಓಪಲ್‌ಳನ್ನು ಮಣ್ಣು ಮಾಡಿದೆವು. ಪಾದ್ರಿಗಳು ಪ್ರಾರ್ಥನೆಯಲ್ಲಿ ಎರಡು ಸಲ "ನಮ್ಮ ಪರ್ಲ್" ಎಂದರು. ಒಬ್ಬರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಆಲೂಗಡ್ಡೆ ಸಲಾಡಿನ ತಟ್ಟೆ ಹಿಡಿದು ಕೂತಿದ್ದೆ. ಓಪಲ್‌ಳ ಮಗಳು ಡಾರ್ಲಾ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು.

"ವಿಲ್ಮಾ ಆಂಟಿ, ಬೆಳಗ್ಗೆಯಿಂದ ಎಲ್ರೂ ನಿಮ್ಮ ಪುಸ್ತಕದ್ದೇ ಹೇಳ್ತಿದಾರೆ. ಅಮ್ಮನ ಬಗ್ಗೆ ಪುಸ್ತಕದಲ್ಲಿ ಇಲ್ಲದ್ದು ಒಂದೇ ಒಂದು ಹೇಳಿ. ನಂಗೆ ಅಂತ ಇಟ್ಕೋತೀನಿ."

"ಅಯ್ಯೋ, ಅದಕ್ಕೇನಮ್ಮ, ರಾಶಿ ಇದೆ! ಒಂದ್ಸಲ ಪಾದ್ರಿ ಹೆಂಡ್ತಿ ಕೂದಲು ಹಸಿರಾಗಿ..."

"ಎರಡನೇ ಪುಸ್ತಕ."

"ನಿಮ್ಮಪ್ಪ ಬಿಟ್ಟುಹೋದ ದಿನ ಅವಳು..."

"ನಾಲ್ಕನೇದು. ಆಗ ನಂಗೆ ಹನ್ನೊಂದು ವರ್ಷ. ಸ್ಕೂಲಲ್ಲಿ ಎಲ್ರೂ ಓದಿದ್ರು, ಆಂಟಿ."

ಐವತ್ತು ವರ್ಷದ ಸ್ನೇಹವನ್ನೆಲ್ಲ ತಡಕಾಡಿದೆ. ತಳ ಕೆರೆದ ಪಾತ್ರೆಯ ಹಾಗೆ ಖಾಲಿ. ಥೂ ನನ್ನ, ಒಂದನ್ನಾದರೂ ಬಿಡಬಾರದಿತ್ತೇ! ಬರೆಯದೇ ಉಳಿದದ್ದು ಒಂದೇ ಒಂದಿತ್ತು. ನಾಚಿಕೆಯಿಂದ ಬರೆದಿರಲಿಲ್ಲ, ಅಷ್ಟೆ. ಅದನ್ನೇ ಹೇಳಿದೆ.

"ಐದನೇ ಪುಸ್ತಕ ಬಂದಾಗ ನಿಮ್ಮಮ್ಮ ನನ್ನ ತಲೆ ತೊಳೀತಾ ಇದ್ಲು. ಕೈ ನಿಲ್ಸಿ ಹೇಳಿದ್ಲು, 'ಸಾಕು ಕಣೇ ವಿಲ್ಮಾ, ಇನ್ನು ನನ್ನ ಬರೀಬೇಡ. ನಂಗೂ ಸ್ವಲ್ಪ ಉಳಿಸೇ' ಅಂತ."

"ನೀವೇನಂದ್ರಿ?"

"ನಕ್ಕುಬಿಟ್ಟೆ. 'ಹೋಗೇ, ದೇಶಕ್ಕೆಲ್ಲ ನಿನ್ನ ಹೆಸರು ಮಾಡಿದೀನಿ' ಅಂದೆ. ಆರನೇದು ಆಗ್ಲೇ ಅರ್ಧ ಆಗಿತ್ತು."

ಡಾರ್ಲಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೂಗು ಒರೆಸಿಕೊಂಡು, ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಇದು ನಂದು. ಇದನ್ನ ಮಾತ್ರ ಬರೀಬೇಡಿ."

"ಬೈಬಲ್ ಆಣೆ, ಬರೆಯಲ್ಲ ಕಣಮ್ಮ," ಎಂದೆ. ನಿಜವಾಗಿ ಬರೆಯಬಾರದು ಅಂತಲೇ ಇದ್ದೆ.

ಅದು ಶನಿವಾರದ ಮಾತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇವತ್ತು ಇನ್ನೂ ಮಂಗಳವಾರ, ಬರೆದೇಬಿಟ್ಟೆ.