ದುಂಡು ಮೂಲೆಯ ಬಟನ್ನು

ನನ್ನ ಗಂಡ ಸರ್ವೇಯರ್. ಜಮೀನಿರಲಿ, ಮನೆಯ ಮೆಟ್ಟಿಲಿರಲಿ, ಅಳೆಯದೆ ಹೆಜ್ಜೆ ಇಡುವವರಲ್ಲ. ರಜೆ ಬಂತೆಂದರೆ ಕಂಪ್ಯೂಟರಿನ ಮುಂದೆ ಕುಳಿತು ಪ್ರೋಗ್ರಾಮ್ ಬರೆಯುತ್ತಾರೆ. ಬರೆಯುತ್ತಾರೆ ಎಂದೆನೇ? ಬರೆಯಲು ತಯಾರಾಗುತ್ತಾರೆ.

ಅಮ್ಮ ನಮ್ಮ ಜೊತೆಯೇ ಇರುವುದು. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಹೋದ ವರ್ಷ ಕಣ್ಣಿನ ಡಾಕ್ಟರು, ಇನ್ನೊಂದು ವರ್ಷ ಕಾಣಿಸಿದರೆ ಹೆಚ್ಚು ಎಂದರು. ಅಮ್ಮ ಅಳಲಿಲ್ಲ. "ಊರವರ ತಪ್ಪೆಲ್ಲ ತಿದ್ದಿದ್ದಾಯ್ತು. ನಂದೂ ಒಂದು ಪುಸ್ತಕ ಬರೆದು, ಕಣ್ಣಿರೋವಾಗ್ಲೇ ನಾನೇ ತಿದ್ದಬೇಕು" ಎಂದಳು. ಅವಳಿಗೆ ಬೇಕಾಗಿದ್ದದ್ದು ಪರದೆಯ ಮೇಲೆ ಹೆಬ್ಬೆರಳಷ್ಟು ದೊಡ್ಡ ಅಕ್ಷರ, ಅಷ್ಟೇ.

"ಸಿಗೋ ಸಾಫ್ಟ್‌ವೇರಲ್ಲೆಲ್ಲ ನೂರೆಂಟು ಬಟನ್ನು ಅತ್ತೆ, ನಿಮಗೆ ಗೊಂದಲ ಆಗುತ್ತೆ. ನಾನೇ ಮಾಡ್ಕೊಡ್ತೀನಿ, ಎರಡು ವಾರ ಸಾಕು" ಎಂದರು ಇವರು.

ಕಿಟಕಿ, ಬಟನ್ನುಗಳನ್ನು ಸಿದ್ಧವಾಗಿ ಕೊಡುವ ಸಾಮಾನಿನ ಕಟ್ಟಿಗೆ ಟೂಲ್‌ಕಿಟ್ ಎನ್ನುತ್ತಾರಂತೆ. ಮೊದಲು ಅದನ್ನು ಆರಿಸಬೇಕಂತೆ. ಇವರು ಹದಿನಾಲ್ಕು ಟೂಲ್‌ಕಿಟ್ ತಂದು, ಉದ್ದನೆಯ ಪಟ್ಟಿ ಮಾಡಿ, ಬಂದ ಸಂಬಂಧ ಬೇಡವೆನ್ನಲು ನೆಪ ಹುಡುಕುವವರ ಹಾಗೆ ಅಳೆದು ಸುರಿದು ನೋಡಿದರು. ಒಂದು ಭಾರ. ಇನ್ನೊಂದು ನಿಧಾನ. ಮತ್ತೊಂದನ್ನು ಮಾಡಿದವರು ಜಗಳವಾಡಿಕೊಂಡು ಬೇರೆಯಾಗಿದ್ದಾರೆ. ಹಳೆಯದೊಂದು ಮಾತ್ರ ಒಂದೇ ದಿನದಲ್ಲಿ ಕೆಲಸ ಮಾಡಿತು. ಅಮ್ಮ ಅದರಲ್ಲಿ ತನ್ನ ಹೆಸರು ಟೈಪ್ ಮಾಡಿ, "ಇದೇ ಸಾಕಲ್ಲ ಅಳಿಯಂದ್ರೇ" ಎಂದಳು.

"ಬಟನ್ನು ನೋಡಿ ಅತ್ತೆ, ಬೂದು ಬಣ್ಣ, ಚೌಕ ಮೂಲೆ. ಮರ್ಯಾದೆ ಇರೋರು ಇದನ್ನ ಮುಟ್ತಾರಾ?" ಇವರು ಅದನ್ನು ಅಳಿಸಿಹಾಕಿದರು.

ಮೀನಮೇಷ ಎಣಿಸುತ್ತಾ ಆರು ತಿಂಗಳು ಕಳೆಯಿತು. ಅಮ್ಮ ಕಾಗದದ ಮೇಲೆ ಬರೆಯಲು ಹೊರಟರೆ "ಸ್ವಲ್ಪ ತಾಳಿ, ಆಮೇಲೆ ಎರಡೆರಡು ಕೆಲಸ ಆಗುತ್ತೆ" ಎಂದು ತಡೆದರು. ನಾನೂ ಹೌದೌದು ಎಂದೆ. ಅದಕ್ಕೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು. ಪುಸ್ತಕದ ಒಂದು ಸಾಲೂ ಇಲ್ಲ, ಪ್ರೋಗ್ರಾಮ್ ತೆರೆಯಲು ಒತ್ತುವ ಪುಟ್ಟ ಚಿತ್ರ ಮಾತ್ರ ಸಿದ್ಧ. ಕೂಸು ಹುಟ್ಟುವ ಮುಂಚೆ ಕುಲಾವಿ.

ಹದಿಮೂರನೇ ತಿಂಗಳಲ್ಲಿ ಪ್ರೋಗ್ರಾಮ್ ಮುಗಿಯಿತೆಂದು ಇವರು ಅಮ್ಮನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಅಷ್ಟರಲ್ಲಿ ಅವಳಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ತೊಂದ್ರೆ ಇಲ್ಲ ಅತ್ತೆ, ಕಂಪ್ಯೂಟರೇ ಓದಿ ಹೇಳುತ್ತೆ" ಎಂದು ಪರದೆ ಓದುವ ದನಿಯನ್ನು ಚಾಲೂ ಮಾಡಿದರು. ದನಿ "ಕಿಟಕಿ" ಎಂದು ಹೇಳಿ ಸುಮ್ಮನಾಯಿತು. ಮತ್ತೆ ಒತ್ತಿದರು. "ಕಿಟಕಿ." ಇವರು ಮೆಚ್ಚಿ ಆರಿಸಿದ ಟೂಲ್‌ಕಿಟ್ ಬಟನ್ನು, ಅಕ್ಷರ ಎಲ್ಲವನ್ನೂ ಚಿತ್ರದ ಹಾಗೆ ಬಿಡಿಸುತ್ತದಂತೆ, ದನಿಗೆ ಓದಲು ಅಲ್ಲಿ ಏನೂ ಸಿಗುವುದಿಲ್ಲವಂತೆ. ಆ ಬೂದು ಬಣ್ಣದ್ದಾಗಿದ್ದರೆ ಪಟಪಟನೆ ಓದುತ್ತಿತ್ತಂತೆ.

ಅಮ್ಮ ಕೇಳಿದಳು, "ಯಾವ ಬಣ್ಣ ಇಟ್ರಿ ಅಳಿಯಂದ್ರೇ?"

"ತಿಳಿನೀಲಿ ಅತ್ತೆ. ಮೂಲೆ ದುಂಡಗಿದೆ."

"ಚೆನ್ನಾಗಿರುತ್ತೆ ಬಿಡಿ."

ಇವರು ನಾಚಿ ತಲೆ ತಗ್ಗಿಸಿದರು ಎಂದುಕೊಂಡೆ. ಇಲ್ಲ, ಟೂಲ್‌ಕಿಟ್‌ಗಳ ಆ ಪಟ್ಟಿ ತೆರೆದು ಕೊನೆಗೊಂದು ಹೊಸ ಅಂಕಣ ಸೇರಿಸುತ್ತಿದ್ದರು: 'ಓದಿ ಹೇಳುತ್ತದೆಯೇ?' ನಾನು ಪ್ಲಗ್ ಕಿತ್ತೆ. ನೋಟ್‌ಬುಕ್ ತಂದು ಅಮ್ಮನ ಪಕ್ಕ ಕುಳಿತೆ.

"ಹೇಳಮ್ಮ, ನಾನು ಬರ್ಕೋತೀನಿ."

"ಬರ್ಕೋ" ಎಂದಳು ಅಮ್ಮ. "ಆದ್ರೆ ತಿದ್ದೋರು ಯಾರೇ?"